ಒಂದೆಳೆ ನಾರು

"ಅದನ್ನ ಮೊದ್ಲು ಆಫ್ ಮಾಡಿ."

ತಿಪಟೂರಿನ ಲಿಯಾಕತ್ ಅಲಿಯವರ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಹಾಗೆಂದವಳು ಧನ್ಯಶ್ರೀ. ಕಾಯಿ ಸುಲಿಯುವ ಯಂತ್ರದ ಸುಟ್ಟ ಮೋಟಾರನ್ನು ಎರಡೂ ಕೈಯಿಂದ ಎದೆಗೊತ್ತಿ ಹಿಡಿದಿದ್ದಳು. ಅರಳಗುಪ್ಪೆಯಿಂದ ಅದನ್ನು ಬಸ್ಸಿನಲ್ಲಿ ಹೊತ್ತು ತಂದಿದ್ದ ಅವಳ ಹಣೆಯ ಮೇಲೆ ಬೆವರು ಹನಿಗಟ್ಟಿತ್ತು.

ಕೆಂಪು ಕಾರಿನ ತೆರೆದ ಬಾನೆಟ್ಟಿನ ಮೇಲೆ ಬಾಗಿದ್ದ ಯುವಕ ತಲೆಯೆತ್ತಿದ. ಇಂಜಿನ್ನಿನ ಅಬ್ಬರದಲ್ಲಿ ಅವನಿಗೆ ಮಾತು ಕೇಳಿಸಲಿಲ್ಲ, ಅವಳ ಮುಖ ಮಾತ್ರ ಕಂಡಿತು. ಆ ಮುಖದಲ್ಲಿದ್ದ ಆತಂಕವನ್ನು ಕಂಡು ಅವನು ಕಿಟಕಿಯೊಳಗೆ ಕೈಹಾಕಿ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದ.

"ಏನಂದ್ರಿ?"

"ಎಡಗಡೆ ಏನೋ ಅಲ್ಲಾಡ್ತೈತೆ. ಗಟ್ಟಿಯಾಗಿ ಕೂತಿಲ್ಲ."

"ಯಾರು ನೀವು?"

"ಮೋಟಾರ್ ಸುಟ್ಟೋಗೈತೆ, ರಿಪೇರಿಗೆ ತಂದೆ. ನೀವು ನಿಮ್ ಇಂಜಿನ್ ನೋಡ್ಕೊಳ್ರಿ."

ಯುವಕ ನಕ್ಕ. ಅವನ ಹೆಸರು ತಿಲಕ್, ಊರು ಶೆಟ್ಟಿಕೆರೆ. ರೇಸಿಗೆ ಹೋಗುವ ಕಾರುಗಳನ್ನು ಹದ ಮಾಡುವುದರಲ್ಲಿ ಆ ವಯಸ್ಸಿಗೇ ದೂರದ ಊರುಗಳಲ್ಲಿಯೂ ಹೆಸರಾಗಿದ್ದವನು. ಹತ್ತು ದಿನ ಕಿವಿಗೊಟ್ಟು ಕೇಳಿದ್ದ ತನಗೆ ತಿಳಿಯದ್ದು ಹಾದಿಹೋಕಳಿಗೆ ತಿಳಿಯಿತೆ...? ಆದರೂ ಸ್ಪ್ಯಾನರ್ ಹಿಡಿದು ಎಡಕ್ಕೆ ಬಗ್ಗಿದ. ಟರ್ಬೊವನ್ನು ಬಿಗಿದಿದ್ದ ನಾಲ್ಕು ನಟ್ಟುಗಳಲ್ಲಿ ಒಂದು ಬೆರಳಿಗೇ ತಿರುಗಿತು.

ಅವನ ನಗೆ ಅಲ್ಲಿಗೇ ನಿಂತಿತು.

"ಹೆಂಗೆ ಗೊತ್ತಾಯ್ತು ನಿಮ್ಗೆ?"

ಮೂಲೆಯಲ್ಲಿ ಬೀಡಿ ಹಚ್ಚುತ್ತಿದ್ದ ಲಿಯಾಕತ್ ಅಲಿ ಉತ್ತರ ಕೊಟ್ಟರು. "ಅರಳಗುಪ್ಪೆ ತಿಮ್ಮಕ್ಕನ ಮೊಮ್ಮಗಳು ಕಣಪ್ಪಾ ಅದು. ಅಟ್ಟದ ಮೇಲಿನ ಕಾಯಿ ಅಲ್ಲಾಡ್ಸಿ, ಒಳಗೆ ಕೊಬ್ಬರಿ ಉಂಡೆ ಕಟ್ಟೈತೋ ಇಲ್ವೋ ಅಂತ ಕಿವೀಲೇ ಹೇಳ್ತದೆ. ಒಡೆದು ನೋಡಂಗೇ ಇಲ್ಲ."

ಧನ್ಯಶ್ರೀ ಮೋಟಾರನ್ನು ನೆಲಕ್ಕಿಳಿಸಿ ಸೆರಗಿನಂತೆ ಹೊದ್ದಿದ್ದ ವೇಲಿನಿಂದ ಮುಖ ಒರೆಸಿಕೊಂಡಳು. ಆ ಯುವಕನ ಕಪ್ಪು ಕಣ್ಣುಗಳು ತನ್ನನ್ನೇ ನೋಡುತ್ತಿವೆ ಎಂಬುದು ಅವಳಿಗೆ ತಿಳಿದಿತ್ತು. ತಿರುಗಿ ನೋಡಬಾರದು ಎಂದುಕೊಂಡಳು. ನೋಡಿದಳು.

*

ಆ ಕಾರು ದಾವಣಗೆರೆಯ ಮಹಾಂತೇಶ್ ಎಂಬ ಶೋಕಿಲಾಲನದು. ಅದರ ಇಂಜಿನ್ನಿಗೆ ಪಿಸ್ಟನ್ ಎಂಬುದೇ ಇರಲಿಲ್ಲ. ಮೊಟ್ಟೆಯಾಕಾರದ ಗೂಡಿನೊಳಗೆ ಮೂರು ಮೂಲೆಯ ಎರಡು ರೋಟರುಗಳು ಸುತ್ತುತ್ತಿದ್ದವು. ಪ್ರತಿ ಮೂಲೆಯ ತುದಿಗೂ ಕಡ್ಡಿಯಷ್ಟು ತೆಳುವಾದ ಒಂದೊಂದು ಲೋಹದ ಸೀಲು. ಜಪಾನಿನಿಂದ ಬಂದಿದ್ದ ಆ ಹಳೆಯ ರೋಟರಿ ಇಂಜಿನ್ನಿನ ಬಿಡಿಭಾಗಗಳು ಈ ದೇಶದಲ್ಲಿ ಎಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಟರ್ಬೊ ಗಾಳಿಯನ್ನು ಅದುಮಿ ಒಳಗೆ ತಳ್ಳುತ್ತದೆ. ಅದುಮಿದ ಗಾಳಿ ಕಾಯುತ್ತದೆ. ಕಾದ ಗಾಳಿಯಲ್ಲಿ ಪೆಟ್ರೋಲು ಹೊತ್ತಿಗೆ ಮುಂಚೆ ತಾನಾಗಿ ಸಿಡಿಯುತ್ತದೆ. ಆ ಸಿಡಿತಕ್ಕೆ ಮೆಕ್ಯಾನಿಕ್ಕುಗಳು ನಾಕ್ ಎನ್ನುತ್ತಾರೆ. ಬೇರೆ ಇಂಜಿನ್ನುಗಳು ಹತ್ತು ನಾಕನ್ನು ತಾಳಿಯಾವು. ಈ ಇಂಜಿನ್ನಿಗೆ ಒಂದೇ ಸಾಕು, ಸೀಲು ಮುರಿಯುತ್ತದೆ.

ಅದನ್ನು ತಡೆಯಲೆಂದೇ ತಿಲಕ್ ಬಟ್ಟಿ ಇಳಿಸಿದ ನೀರನ್ನೂ ಮೆಥನಾಲನ್ನೂ ಸಮಸಮವಾಗಿ ಬೆರೆಸಿ, ಸೂಜಿಮೊನೆಯಷ್ಟು ಕಂಡಿಯಿರುವ ನಾಝಲಿನಿಂದ ಆ ಕಾದ ಗಾಳಿಗೆ ಮಂಜಿನಂತೆ ಸಿಂಪಡಿಸುವ ಏರ್ಪಾಡು ಮಾಡಿದ್ದ. ಮಂಜು ಬೇಗ ಶುರುವಾದರೆ ಇಂಜಿನ್ ತೊದಲುತ್ತಿತ್ತು. ತಡವಾದರೆ ಅಪಾಯ. ಆ ಹದವನ್ನು ಹಿಡಿಯುವುದೇ ಅವನ ಕೆಲಸ.

ಸಿಂಪರಣೆ ನಿಂತರೆ ಎಚ್ಚರಿಸುವ ಸೆನ್ಸರ್ ಇನ್ನೂ ಬಂದಿರಲಿಲ್ಲ.

"ಅದು ಬರೋತಂಕ ನೀವು ಬಂದು ಕೂತ್ಕೊಳ್ರೀ," ಎಂದು ತಿಲಕ್ ಕೇಳಿದ. "ಇಂಜಿನ್ ಗೂಡಿಗೆ ಮೈಕು ಕಟ್ಟಿರ್ತೀನಿ. ಹೆಡ್‌ಫೋನಲ್ಲಿ ಕೇಳ್ತಾ ಇರಿ. ಸಣ್ಣಗೆ ಕಟ್ ಅಂದ್ರೂ ಹೇಳ್ಬೇಕು."

"ಕಾಯಿ ಅಲ್ಲಾಡ್ಸೋರು ಬೇಕಾ ನಿಮ್ಗೆ?"

"ನನ್ ಲ್ಯಾಪ್‌ಟಾಪಿಗಿಂತ ನಿಮ್ ಕಿವಿ ನೆಚ್ಕೋಬಹುದು ಅನ್ಸ್ತು."

ಯಾರೂ ಅವಳಿಗೆ ಅಂಥ ಮಾತನ್ನು ಹೇಳಿರಲಿಲ್ಲ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮನೆಗೆ ಬಂದವಳು ಮೂರು ವರ್ಷದಿಂದ ಅಟ್ಟದ ಮೇಲಿನ ಕಾಯಿಗಳಿಗೆ ಕಿವಿಯಾಗಿದ್ದಳು, ಅಷ್ಟೆ.

ತುರುವೇಕೆರೆ ರಸ್ತೆಯಲ್ಲಿ ಸೈಟು ಬಿಕರಿಯಾಗದೆ ಬಿದ್ದಿದ್ದ ಬಡಾವಣೆಯೊಂದಿತ್ತು. ಮನೆಗಳಿಲ್ಲದ ಅದರ ನೇರ ರಸ್ತೆಯಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ದಿನವೂ ಬೆಳಗಿನ ತಂಪಿನಲ್ಲಿ ಅವರ ಪರೀಕ್ಷೆ ನಡೆಯುತ್ತಿತ್ತು. ಅವನು ಸ್ಟಿಯರಿಂಗಿನ ಮುಂದೆ, ಅವಳು ಪಕ್ಕದಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪು, ಕಿವಿಗೆ ಹೆಡ್‌ಫೋನು. ಮೂರನೆಯ ಗೇರಿನಲ್ಲಿ ಕಾರು ಚಿಮ್ಮಿದಾಗ ಬೆನ್ನು ಸೀಟಿಗೆ ಅಂಟಿ ಉಸಿರು ಸಿಕ್ಕಿಕೊಳ್ಳುತ್ತಿತ್ತು.

"ಹೆಂಗೈತೆ?"

"ಒಣಗಿದ ಕಾಯಿ ಥರ. ಸ್ವಚ್ಛ."

"ಅದು ಒಳ್ಳೇದಾ?"

"ನಿಮ್ಮೂರಲ್ಲಿ ಕೊಬ್ಬರಿ ಮಾಡಲ್ವೇನ್ರೀ? ಶೆಟ್ಟಿಕೆರೆಯೋರು ಅಂತೀರ."

ಹೀಗೆ ನಲವತ್ತು ದಿನ. ನಲವತ್ತು ಮುಂಜಾವುಗಳಲ್ಲಿ ಅವರು ಇಂಜಿನ್ನಿನ ಹೊರತು ಬೇರೇನನ್ನೂ ಮಾತಾಡಲಿಲ್ಲ. ಆದರೂ, ಬಸ್ಸಿಳಿದು ಬರುವಾಗ ಅವನ ಎರಡು ಲೋಟ ಟೀ ಬಾನೆಟ್ಟಿನ ಮೇಲೆ ಕಾದಿದ್ದರೆ ಮಾತ್ರ ಅವಳಿಗೆ ಬೆಳಗಾದಂತೆ ಅನಿಸತೊಡಗಿತ್ತು.

*

ನಲವತ್ತೊಂದನೆಯ ದಿನ ಮಹಾಂತೇಶ್ ಬಂದಿದ್ದ. ಅಂದು ಕೊನೆಯ ಪರೀಕ್ಷೆ.

ತಿಲಕ್ ಏಕೋ ಗಲಿಬಿಲಿಯಲ್ಲಿದ್ದ. "ಇದೊಂದು ಓಟ ಮುಗೀಲಿ," ಎಂದು ಅವಳ ಕಡೆ ನೋಡದೆ ಹೇಳಿದ. "ನಿಮ್ಗೊಂದು ಮಾತು ಹೇಳೋದೈತೆ."

ಅವಳಿಗೆ ಏನೆಂದು ಕೇಳುವ ಧೈರ್ಯವಾಗಲಿಲ್ಲ. ತಿರುಗಿ ನಿಂತು, ಕೈಗೆ ಸಿಕ್ಕ ಕೆಲಸಕ್ಕೆ ತೊಡಗಿದಳು. ಬಟ್ಟಿ ಇಳಿಸಿದ ನೀರಿನ ಕ್ಯಾನಿಗೆ ಮುಚ್ಚಳ ಕಾಣಲಿಲ್ಲ. ರಸ್ತೆಯ ಅಂಚಿನಲ್ಲಿ ಬಿದ್ದಿದ್ದ ತೆಂಗಿನ ಸಿಪ್ಪೆಯಿಂದ ಒಂದು ಹಿಡಿ ನಾರು ಕಿತ್ತು, ಹೊಸೆದು, ಕ್ಯಾನಿನ ಬಾಯಿಗೆ ತುರುಕಿದಳು. ಹತ್ತು ನಿಮಿಷದ ಮೇಲೆ ತಿಲಕ್ ಅದನ್ನು ಕಿತ್ತೆಸೆದು ನೀರನ್ನು ಸಿಂಪರಣೆಯ ಟ್ಯಾಂಕಿಗೆ ಸುರಿದ. ಇಬ್ಬರ ಮನಸ್ಸೂ ಆ ಕೆಲಸದ ಮೇಲಿರಲಿಲ್ಲ.

ಕಾರು ಹೊರಟಿತು. ಎರಡನೆಯ ಗೇರು... ಮೂರನೆಯ ಗೇರು...

ಆಗ ಅವಳ ಕಣ್ಣು ಪರದೆಯ ಮೇಲಿನ ಒಂದು ಅಂಕಿಗೆ ಬಿತ್ತು. ಕಿಡಿ ಹೊತ್ತುವ ಟೈಮಿಂಗು ನಿನ್ನೆಗಿಂತ ಎರಡು ಡಿಗ್ರಿ ಮುಂದಿತ್ತು. ಕಿಡಿ ಮುಂದಾದಷ್ಟೂ ನಾಕಿನ ಅಪಾಯ ಹೆಚ್ಚು. ನನಗೆ ಹೇಳದೆ ಬದಲಾಯಿಸಿಬಿಟ್ಟರಾ...? ಎಂದುಕೊಳ್ಳುವಷ್ಟರಲ್ಲಿ ಕಿವಿಯೊಳಗೆ ಕಲ್ಲಿನ ಮೇಲೆ ಕಾಯಿ ಒಡೆದಂತೆ ಒಂದು ಸದ್ದು.

"ಬಿಡಿ! ಕಾಲು ಬಿಡಿ!"

ಅವನು ಕಾಲು ತೆಗೆದ. ಆದರೆ ಈ ಇಂಜಿನ್ನಿಗೆ ಒಂದೇ ಸಾಕಿತ್ತು.

ಕಾರು ಕುಂಟುತ್ತ ನಿಂತಿತು. ತಿಲಕ್ ಇಳಿದು ಬಾನೆಟ್ಟೆತ್ತಿದ. ನಾಝಲನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದ. ಬಹಳ ಹೊತ್ತು ಹಾಗೆಯೇ ನಿಂತಿದ್ದ. ಅವಳಿಗೆ ಕಂಡಿದ್ದು ಅವನ ಬೆನ್ನು ಮಾತ್ರ. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡ.

"ಟೈಮಿಂಗ್ ಯಾಕ್ರೀ ಬದಲಾಯ್ಸಿದ್ರಿ?" ಅವಳೂ ಇಳಿದು ಬಂದಳು. "ನನ್ನ ಕಿವಿ ನೆಚ್ಕೋತೀನಿ ಅಂದೋರು, ನನಗೊಂದು ಮಾತು ಹೇಳ್ಬಾರ್ದಿತ್ತಾ?"

ತಿಲಕ್ ಅವಳನ್ನು ನೋಡಿದ.

"ತಪ್ಪು ನಂದೇ," ಎಂದ.

ಮಹಾಂತೇಶ್ ಅಷ್ಟಕ್ಕೆ ಬಿಡಲಿಲ್ಲ. "ನೀವ ಒಳಗ ಕುಂತಿದ್ರಿ. ಏನಾತು ಅಂತ ನೀವ ಹೇಳ್ರಿ," ಎಂದು ರೆಕಾರ್ಡಿಂಗ್ ಒತ್ತಿ ಫೋನನ್ನು ಅವಳ ಮುಖದ ಮುಂದೆ ಹಿಡಿದ. ಸಿಟ್ಟಿನ ಭರದಲ್ಲಿ ಅವಳು ಹೇಳಿದಳು: "ತಿಲಕ್ ಅವ್ರು ಯಾರಿಗೂ ಹೇಳ್ದೆ ಟೈಮಿಂಗ್ ಮುಂದಿಟ್ರು. ಅದಕ್ಕೇ ಇಂಜಿನ್ ಹೋಯ್ತು."

ಹದಿನೈದು ಸೆಕೆಂಡಿನ ಮಾತು. ಸಂಜೆಯೊಳಗೆ ಅದು ರೇಸಿನವರ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿಯೂ ಸುತ್ತಾಡಿತು. ವಾರದೊಳಗೆ, ತಿಲಕ್ ಕೈಗೆ ಬರಬೇಕಿದ್ದ ಐದು ಕಾರುಗಳೂ ಬೇರೆ ದಾರಿ ಹಿಡಿದವು. ಅವನು ವರ್ಕ್‌ಶಾಪಿಗೆ ಬರುವುದನ್ನೇ ಬಿಟ್ಟ.

ಒಂದು ಫೋನು ಮಾಡುತ್ತಾನೆ ಎಂದು ಅವಳು ಕಾದಳು. ಬೈಯಲಾದರೂ ಮಾಡುತ್ತಾನೆ... ಎಂದುಕೊಂಡಳು. ಮಾಡಲಿಲ್ಲ.

*

ಏಳು ತಿಂಗಳು ಕಳೆಯಿತು. ಧನ್ಯಶ್ರೀ ಅಟ್ಟ ಹತ್ತುವುದನ್ನು ನಿಲ್ಲಿಸಿದ್ದಳು. ಕಾಯಿಯನ್ನು ಕಿವಿಯ ಬಳಿ ಹಿಡಿದರೆ ಸಾಕು, ಆ ಒಂದು ಸದ್ದು ಮರಳಿ ಕೇಳಿಸಿ ಕೈ ಕೆಳಗಿಳಿಯುತ್ತಿತ್ತು.

"ಏನೇ ಅದು, ಒಂದು ಕಾಯಿ ನೋಡಂದ್ರೆ ಹಂಗ್ ಬೆಚ್ತೀಯ?" ಎಂದು ಅಜ್ಜಿ ತಿಮ್ಮಕ್ಕ ಗೊಣಗುತ್ತಿದ್ದಳು. "ಯಾವನೇ ಅವ್ನು? ಬಾಯ್ಬುಟ್ಟು ಹೇಳಾದ್ರೂ ಹೇಳು."

"ಯಾರೂ ಇಲ್ಲ, ಸುಮ್ಕಿರಜ್ಜಿ."

"ಇಲ್ದೋನಿಗೆ ಇಷ್ಟು ಸೊರಗ್ತಾರೇನೇ?"

ಒಂದು ಮಧ್ಯಾಹ್ನ ತೋಟದಲ್ಲಿ ಕೆಲಸದಾಳು ದುರ್ಗಯ್ಯ ಎಳೆ ಸಸಿಗಳಿಗೆ ಔಷಧಿ ಹೊಡೆಯುತ್ತಿದ್ದ. ಇದ್ದಕ್ಕಿದ್ದಂತೆ ಸ್ಪ್ರೇಯರ್ ಕಟ್ಟಿಕೊಂಡಿತು. ಅವನು ತುದಿಯನ್ನು ಬಿಚ್ಚಿ, ಊದಿ, ಪಿನ್ನಿನಿಂದ ಕೆದಕಿ, ಒಳಗಿನಿಂದ ಏನನ್ನೋ ಎಳೆದು ತೆಗೆದ.

"ಯಾರವ್ವಾ ಕ್ಯಾನಿಗೆ ನಾರು ತುರುಕಿದ್ದು? ನೋಡಿಲ್ಲಿ, ಒಂದೆಳೆ ಒಳಗೋಗಿ ಕೂತ್ರೆ ಮುಗೀತು."

ಜಗಲಿಯಿಂದ ತಿಮ್ಮಕ್ಕ ಹೇಳಿದಳು: "ಮತ್ತಿನ್ನೇನು ತುರುಕಾನ? ಈ ಮನೇಲಿ ಎಣ್ಣೆ ಡಬ್ಬ, ಸೀಮೆಣ್ಣೆ ಡಬ್ಬ, ಎಲ್ಲಕ್ಕೂ ನಾರೇ ಬಿರಡೆ ಕಣ್ಲಾ. ನಮ್ ಅತ್ತೆ ಕಾಲದಿಂದ್ಲೂ."

ಧನ್ಯಶ್ರೀ ಎದ್ದು ನಿಂತಳು.

ಕಾಣದ ಮುಚ್ಚಳ... ರಸ್ತೆಯಂಚಿನ ಸಿಪ್ಪೆ... ಬೆರಳುಗಳ ನಡುವೆ ಹೊಸೆದ ನಾರು. ಆ ಬೆಳಗಿನಿಂದ ಅವಳು ಸಾವಿರ ಸಲ ನೆನೆದಿದ್ದಳು. ಅವನ ಬೆನ್ನನ್ನು ನೆನೆದಿದ್ದಳು, ಪರದೆಯ ಅಂಕಿಯನ್ನು ನೆನೆದಿದ್ದಳು. ತನ್ನ ಕೈಯನ್ನು ಮಾತ್ರ ಒಮ್ಮೆಯೂ ನೆನೆದಿರಲಿಲ್ಲ. ಉಸಿರಾಡಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಮುಂದಿನ ಬಸ್ಸಿಗೆ ತಿಪಟೂರಿಗೆ ಹೋದಳು.

"ಅವತ್ತು ಕ್ಯಾನಿಗೆ ನಾರು ತುರುಕಿದ್ದು ನಾನು ಚಾಚಾ," ಎಂದ ಅವಳ ಮುಖವನ್ನು ನೋಡಿ ಲಿಯಾಕತ್ ಅಲಿ ಎದ್ದರು. ಕಪಾಟಿನಿಂದ ಒಂದು ಹಳೆಯ ಮಾತ್ರೆಡಬ್ಬಿ ತೆಗೆದು ಅವಳ ಅಂಗೈ ಮೇಲಿಟ್ಟರು. ಒಳಗೆ ಹಿತ್ತಾಳೆಯ ನಾಝಲು. ಅದರ ಕಂಡಿಯಲ್ಲಿ, ಒಣಗಿ ಕಂದಾಗಿ, ಒಂದೆಳೆ ನಾರು.

"ನಿಮ್ಗೆ ಗೊತ್ತಿತ್ತಾ ಚಾಚಾ?"

"ಅವತ್ತೇ ತಂದು ಕೊಟ್ಟ. ಆ ಹುಡುಗಿಗೆ ತೋರಿಸ್ಬೇಡಿ, ತನ್ ಕಿವಿ ಮೇಲಿನ ನಂಬಿಕೇನೇ ಕಳ್ಕೊಂಡ್ಬಿಡ್ತಾಳೆ ಅಂದ."

"ನಾನು ಅಷ್ಟು ಮಾತಾಡಿದ್ನಲ್ಲಾ... ಆಗ್ಲಾದ್ರೂ ಹೇಳ್ಬೋದಿತ್ತಲ್ಲ?"

"ಕೇಳ್ದೆ ಬೇಟಿ. ಅವಳ ಮಾತು ಸುಳ್ಳಲ್ಲವಲ್ಲ ಚಾಚಾ, ಟೈಮಿಂಗ್ ಬದಲಾಯ್ಸಿದ್ದು ನಿಜ ತಾನೇ ಅಂದ. ಹಿಂದಿನ ಸಂಜೆ ನನ್ ಮುಂದೇನೇ ಮಾಡಿದ್ದ. ಮಂಜು ಬೀಳ್ತಾ ಇದ್ರೆ ಅದ್ರಿಂದ ಏನೂ ಆಗ್ತಿರ್ಲಿಲ್ಲ."

ಅವಳ ಕಿವಿಯನ್ನು ಉಳಿಸಲು ಅವನು ತನ್ನ ಹೆಸರನ್ನೇ ಬಿಟ್ಟುಕೊಟ್ಟಿದ್ದ. ಅವಳು ಆ ಕಿವಿಯನ್ನೂ ಉಳಿಸಿಕೊಂಡಿರಲಿಲ್ಲ.

"ಎಲ್ಲಿದಾರೆ ಅವ್ರು?"

"ಬೋರನಕಣಿವೆ ಹತ್ರ, ಒಂದು ತೋಟದಲ್ಲಿ ಪಂಪು ಬಿಚ್ತಾ ಕೂತವ್ನೆ. ಕಾರು ಮುಟ್ಟಲ್ವಂತೆ. ನಾಡಿದ್ದು ಲ್ಯಾಪ್‌ಟಾಪು, ಕೇಬಲ್ಲು ಎಲ್ಲಾ ಯಾರಿಗೋ ಕೊಟ್ಬಿಡ್ತೀನಿ ಅಂತ ಫೋನ್ ಮಾಡಿದ್ದ."

ನಾಡಿದ್ದು. ಅದನ್ನು ಕೊಟ್ಟನೆಂದರೆ ಅವನು ಮತ್ತೆ ಈ ಕೆಲಸಕ್ಕೆ ಮರಳುವವನಲ್ಲ ಎಂಬುದು ಅವಳಿಗೆ ಗೊತ್ತಿತ್ತು.

*

ಮೊದಲು ಮಾಡಬೇಕಾದದ್ದನ್ನು ಅವಳು ಅಲ್ಲಿಯೇ ನಿಂತು ಮಾಡಿದಳು. ಮಹಾಂತೇಶ್‌ಗೆ ಫೋನು ಹಚ್ಚಿ ಒಂದೂ ಬಿಡದೆ ಹೇಳಿದಳು.

"ನನ್ನ ಇಂಜಿನ್ ಅಂತೂ ಹೋತಲ್ರೀ," ಎಂದ ಅವನು. "ಈಗ ಖರೇ ಹೇಳಿದ್ರ ಅದು ತಿರಗತೈತೇನು?"

"ಇಲ್ಲ. ಆದ್ರೆ ನನ್ನ ಆ ಮಾತು ನಿಮ್ಮ ಗುಂಪಲ್ಲಿ ಇನ್ನೂ ತಿರುಗ್ತೈತೆ. ಇದನ್ನೂ ಹಾಕಿ."

"ಕಳಸ್ರಿ, ಹಾಕ್ತೀನಿ. ನಿಮ್ಮನ್ನ ಮತ್ತ ಯಾರೂ ಕಾರಿನ ಹತ್ರ ಕರಿಯಂಗಿಲ್ಲ, ತಿಳ್ಕೊಳ್ರಿ... ಅಲ್ರೀ, ಆ ಮನಷ್ಯಾ ಯಾಕ ಬಾಯಿ ಮುಚ್ಕೊಂಡು ಕುಂತಾ?"

ಅವಳು ಕರೆ ಮುಗಿಸಿ ರೆಕಾರ್ಡಿಂಗ್ ಒತ್ತಿದಳು.

"ನಾನು ಅರಳಗುಪ್ಪೆ ಧನ್ಯಶ್ರೀ," ಎಂದು ಅವಳು ತನ್ನ ದನಿಯನ್ನು ಫೋನಿಗೆ ತುಂಬಿದಳು. "ಆ ಇಂಜಿನ್ ಹೋಗಿದ್ದು ಟೈಮಿಂಗಿಂದ ಅಲ್ಲ. ನೀರಿನ ಕ್ಯಾನಿಗೆ ನಾನು ತುರುಕಿದ ನಾರಿಂದ. ತಿಲಕ್ ಅವ್ರಿಗೆ ಅವತ್ತೇ ಗೊತ್ತಿತ್ತು. ಹೇಳ್ಲಿಲ್ಲ."

ಇದೂ ಹದಿನೈದು ಸೆಕೆಂಡು. ಹುಳಿಯಾರಿನ ಬಸ್ಸಿನಲ್ಲಿ ಕೂತಾಗ ಫೋನು ಒಂದೇ ಸಮನೆ ಮಿಡುಕುತ್ತಿತ್ತು. ಬೈಗುಳವಿರಬಹುದು, ನಗೆಯಿರಬಹುದು. ಅವಳು ತೆರೆದು ನೋಡಲಿಲ್ಲ. ಶೆಟ್ಟಿಕೆರೆ ದಾಟುವಾಗ ಮಾತ್ರ ಕಿಟಕಿಯಾಚೆ ನೋಡಿದಳು. ಇದು ಅವನ ಊರು. ಅವನಿಗೆ ಇನ್ನು ನನ್ನ ಮುಖ ನೋಡಲು ಮನಸ್ಸಾದೀತೆ...? ಬೇಡವೆಂದರೆ ಹಿಂದಿರುಗುವ ಬಸ್ಸು ಎಷ್ಟು ಹೊತ್ತಿಗೋ?

ಬೋರನಕಣಿವೆ ಜಲಾಶಯದ ನೀರು ಇಳಿಬಿಸಿಲಿಗೆ ಹೊಳೆಯುತ್ತಿತ್ತು. ತೋಟದಂಚಿನ ಶೀಟಿನ ಮನೆಯೊಳಗೆ ಡೀಸೆಲ್ ಪಂಪೊಂದು ಏದುಸಿರು ಬಿಡುತ್ತ ಓಡುತ್ತಿತ್ತು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದವನು ತಲೆಯೆತ್ತಿದ. ಅವನು ಸೊರಗಿದ್ದ. ಗಡ್ಡ ಬೆಳೆದಿತ್ತು.

ಅವಳು ಮಾತ್ರೆಡಬ್ಬಿಯನ್ನು ಮುಂದೆ ಚಾಚಿದಳು.

ತಿಲಕ್ ಕಣ್ಣು ಮುಚ್ಚಿಕೊಂಡ. "ಚಾಚಾಗೆ ಎಷ್ಟು ಹೇಳಿದ್ದೆ..."

"ಚಾಚಾ ಹೇಳ್ಲಿಲ್ಲ. ನಮ್ ತೋಟದ ಸ್ಪ್ರೇಯರ್ ಹೇಳ್ತು." ಅವಳು ಡಬ್ಬಿಯನ್ನು ಅವನ ಅಂಗೈ ಮೇಲಿಟ್ಟಳು. "ನಿಮ್ ಗುಂಪಿಗೆಲ್ಲಾ ಹೇಳ್ಬಿಟ್ಟೆ, ನನ್ ದನೀಲೇ. ನಾನೇ ಮಾಡಿದ್ದು ಅಂತ. ನೀವು ಲ್ಯಾಪ್‌ಟಾಪ್ ಕೊಡ್ಬೇಡಿ. ಅಷ್ಟು ಹೇಳಿ ಹೋಗಾಣ ಅಂತ ಬಂದೆ."

"ಯಾಕೆ ಹೇಳಕ್ಕೋದೆ ಧನ್ಯಾ?" ಅವನು ಧಡಕ್ಕನೆ ಎದ್ದ. "ಇನ್ ಯಾರು ನಿನ್ನ ನಂಬ್ತಾರೆ?"

ಏಳು ತಿಂಗಳ ಹಿಂದೆ ಅವನು ಅವಳನ್ನು ಏಕವಚನದಲ್ಲಿ ಕರೆದಿರಲಿಲ್ಲ. ಎಷ್ಟು ದಿನಗಳಿಂದ ಒಬ್ಬನೇ ಹೀಗೆ ಕರೆದು ರೂಢಿ ಮಾಡಿಕೊಂಡಿದ್ದನೋ!

"ನಿಮ್ಮನ್ನ ಯಾರು ನಂಬ್ತಿದ್ರು? ಏಳು ತಿಂಗಳು... ಒಂದು ಬೈಗುಳನಾದ್ರೂ ಬೈಬಾರ್ದಿತ್ತಾ? ನೀವು ಬೈದಿದ್ರೆ ಬದುಕ್ಕೊಂಡಿರ್ತಿದ್ದೆ."

ತಿಲಕ್ ಡಬ್ಬಿ ತೆರೆದು ನಾಝಲನ್ನು ಕೈಗೆ ತೆಗೆದುಕೊಂಡ.

"ಟ್ಯಾಂಕಿನ ಬಾಯಿಗೆ ಸಣ್ಣ ಜಾಲರಿ ಇರುತ್ತೆ, ಗೊತ್ತಲ್ಲ? ಕಸ ಸೋಸಕ್ಕೆ. ಅವತ್ತು ಬೆಳಗ್ಗೆ ತೊಳೆಯಾಣ ಅಂತ ತೆಗೆದಿದ್ದೆ. ವಾಪಸ್ ಹಾಕ್ಲೇ ಇಲ್ಲ. ನಿನಗೆ ಹೆಂಗ್ ಹೇಳೋದು, ಏನಂತ ಹೇಳೋದು ಅಂತ ಅದೇ ತಲೇಲಿ ಓಡ್ತಿತ್ತು. ಜಾಲರಿ ಪ್ಯಾಂಟಿನ ಜೇಬಲ್ಲೇ ಇತ್ತು. ನಾಝಲ್ ಜೇಬಿಗೆ ಹಾಕ್ಕೊಂಡಾಗ ಬೆರಳಿಗೆ ಸಿಕ್ತು."

ಧನ್ಯಶ್ರೀ ನಾಝಲನ್ನು ಅವನಿಂದ ಇಸಿದುಕೊಂಡಳು.

"ನಾರು ನಿಂದು, ಜಾಲರಿ ನಂದು," ಎಂದ ಅವನು. "ನಿನ್ ತಪ್ಪು ತೋರ್ಸಿದ್ರೆ ನನ್ ತಪ್ಪೂ ತೋರಿಸ್ಬೇಕಿತ್ತು. ಇಬ್ಬರ ಹೆಸರಲ್ಲಿ ಒಂದು ಹೋದ್ರೆ ಸಾಕು ಅಂತ ಸುಮ್ಮನಾದೆ."

ಅವಳು ಅಳಬಾರದೆಂದು ಮುಖ ತಿರುಗಿಸಿದಳು. ಗೋಡೆಯ ಬದಿಯಲ್ಲಿ ಅವನ ಡೀಸೆಲ್ ಕ್ಯಾನು ಇತ್ತು. ಅದಕ್ಕೂ ಮುಚ್ಚಳವಿರಲಿಲ್ಲ. ಬಾಯಿಯಲ್ಲಿ ಒಂದು ಹಿಡಿ ನಾರು.

"ಇದು ಯಾರ ಕೈ?"

ತಿಲಕ್ ಕ್ಯಾನನ್ನು ನೋಡಿದ. ಆಗಷ್ಟೇ ಅವನಿಗೂ ಅದು ಕಂಡಂತಿತ್ತು.

"...ನಂದೇ."

ಅಳುವಿನ ನಡುವೆಯೇ ಅವಳಿಗೆ ನಗು ಬಂದುಬಿಟ್ಟಿತು. ಕೆನ್ನೆಯ ಮೇಲಿನ ನೀರನ್ನು ಒರೆಸಿಕೊಳ್ಳುವ ಗೋಜಿಗೂ ಹೋಗದೆ ನಕ್ಕಳು. ಅವನೂ ನಕ್ಕ, ಏಳು ತಿಂಗಳಲ್ಲಿ ಮೊದಲ ಬಾರಿಗೆ.

"ಈ ಪಂಪು ಮೂರು ದಿನದಿಂದ ಕಾಡ್ತೈತೆ," ಎಂದ. "ಕೇಳಿ ಹೇಳು."

"ನನ್ ಕಿವಿ ಇನ್ನೂ ನೆಚ್ಕೋತೀರಾ?"

"ಅವತ್ತು ಕಾಲು ತಡ ಆಯ್ತು. ಕಿವಿ ತಡ ಆಗ್ಲಿಲ್ಲ."

ಅವಳು ಪಂಪಿನ ಬಳಿ ಕೂತು ಕಣ್ಣು ಮುಚ್ಚಿದಳು. ಆ ಹಳೆಯ ಸದ್ದಿಗಾಗಿ ಹೆದರುತ್ತ ಕಾದಳು. ಅದು ಬರಲಿಲ್ಲ. ಸಣ್ಣದೊಂದು ಸೀಟಿಯಂಥ ಉಸಿರು ಮಾತ್ರ ಕೇಳಿಸಿತು.

"ಗಾಳಿ ಎಳೀತೈತೆ. ನೀರು ಹೀರೋ ಪೈಪಿನ ಬುಡದಲ್ಲಿ. ವಾಷರ್ ಹೋಗೈತೆ."

ಅವನು ಪೈಪಿನ ಬುಡಕ್ಕೆ ಅಂಗೈ ಒತ್ತಿ ಹಿಡಿದ. ಏದುಸಿರು ನಿಂತು ಪಂಪು ಒಂದೇ ಲಯಕ್ಕೆ ಬಂತು. ತುದಿಯಲ್ಲಿ ನೀರು ತುಂಬಿ ಬಿದ್ದಿತು.

"ಅವತ್ತು ಒಂದು ಮಾತು ಹೇಳ್ತೀನಿ ಅಂದಿದ್ರಿ," ಎಂದಳು ಅವಳು, ಕಣ್ಣು ತೆರೆಯದೆ.

"ನನ್ ಜೊತೆ ಇರ್ತೀಯಾ ಅಂತ ಕೇಳಾಣ ಅಂತಿದ್ದೆ."

"ಈಗ?"

"ಈಗಲೂ ಅದೇ. ಪೈಪ್ ಬಿಡಂಗಿಲ್ಲ, ಇಲ್ಲಾಂದ್ರೆ ನಿನ್ನ ಮುಂದೆ ಬಂದು ಕೇಳ್ತಿದ್ದೆ."

ಧನ್ಯಶ್ರೀ ಕಣ್ಣು ತೆರೆದು, ಪೈಪನ್ನು ಒತ್ತಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟು ಅದುಮಿದಳು.

"ಜಾಲರಿ ಮರೀದಂಗೆ ಹಾಕ್ತೀಯಾ?"

"ಹಾಕ್ತೀನಿ. ಕ್ಯಾನಿಗೆ ಮುಚ್ಚಳ?"

"ಹುಡುಕ್ತೀನಿ ಕಣೋ," ಎಂದಳು ಅವಳು. "ಸಿಗೋತಂಕ ಇಲ್ಲೇ ಇರ್ತೀನಿ."